ಆನೆಗೆ ಕೆಲಸವಿಲ್ಲದ ಆಟ

ನನಗೆ ವಿಡಿಯೋ ಗೇಮ್ ಅಂದರೆ ಅಷ್ಟಕ್ಕಷ್ಟೇ. ತಲೆಯಲ್ಲಿ ಬಿಳಿಕೂದಲು ಕಾಣಿಸಿಕೊಂಡ ಗಂಡಸು ಟಿವಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಕೈಯಲ್ಲಿನ ರಿಮೋಟಿನ ಜತೆಗೆ ತನ್ನ ಮೈಯನ್ನೂ ಎಡಕ್ಕೆ ಬಲಕ್ಕೆ ವಾಲಿಸುವುದನ್ನು ನೋಡಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಆದರೆ ನಾನು ಹೇಳಹೊರಟದ್ದು ಅಂಥದೇ ಒಂದು ಆಟದ ಕತೆ. ಆದ್ದರಿಂದ ಸಿಟ್ಟನ್ನು ಸ್ವಲ್ಪ ಬದಿಗಿಡುತ್ತೇನೆ. ಪೂರ್ತಿ ಇಡಲು ಆಗುವುದಿಲ್ಲ. ‘ಕಿತ್ತೂರ ಸೀಮಿ ಹೆಣ್ಣಮಕ್ಕಳ ಕೈಯಾಗ ಕತ್ತಿ ಬ್ಯಾಡ, ನಾಲಿಗಿನ ಸಾಕು’ ಎಂದು ನಮ್ಮವರು ಆಗಾಗ ಅನ್ನುತ್ತಾರೆ. ನಾನು ಬೈಲಹೊಂಗಲದವಳು.

ನಮ್ಮವರ ಹೆಸರು ಶ್ರೀಶೈಲ. ಸವದತ್ತಿಯ ಬಸ್‌ಸ್ಟ್ಯಾಂಡ್ ಹತ್ತಿರ ಅವರದೊಂದು ಮೊಬೈಲ್ ರಿಪೇರಿ ಅಂಗಡಿ. ಅವರಿಗೆ ಒಬ್ಬಳೇ ಅಕ್ಕ, ಗುರವ್ವ. ಮುನವಳ್ಳಿಗೆ ಕೊಟ್ಟದ್ದು. ಇವರಿಬ್ಬರೂ ಸಾಲೆಗೆ ಹೋಗುತ್ತಿದ್ದ ಕಾಲದಲ್ಲಿ ನಮ್ಮ ಮಾವ ಕಾಡಪ್ಪನವರು ಕಿರಾಣಿ ಸಾಮಾನು ತರಲು ಹುಬ್ಬಳ್ಳಿಗೆ ಹೋದವರು, ಆ ಗಳಿಗೆಯಲ್ಲಿ ಏನು ಮನಸ್ಸಾಯಿತೋ, ಟಿವಿಗೆ ಹಚ್ಚಿ ಆಡುವ ಡಬ್ಬಿಯೊಂದನ್ನು ತಂದರಂತೆ. ಜತೆಗೆ ಬಂದದ್ದು ಒಂದೇ ಕ್ಯಾಸೆಟ್. ಅದರ ಮೇಲಿನ ಅಕ್ಷರ ಯಾವ ದೇಶದ್ದೋ ಏನೋ, ಇವರಿಗೆ ಓದಲು ಬರುತ್ತಿರಲಿಲ್ಲ. ಆಟದೊಳಗೆ ಒಂದು ಆನೆ ಇತ್ತು, ಒಂದು ಮಂಗ ಇತ್ತು. ಹಾಗಾಗಿ ಅದಕ್ಕೆ ‘ಆನಿ-ಮಂಗ್ಯಾನ ಆಟ’ ಎಂದೇ ಹೆಸರಾಯಿತು.

ಹೊಸ ಸೊಸೆಗೆ ಗಂಡನ ಮನೆಯಲ್ಲಿ ಮನೆದೇವರ ಕತೆ ಹೇಳುವುದು ರೂಢಿ. ನನಗೆ ಹೇಳಿದ್ದು ಈ ಆನೆ-ಮಂಗನ ಕತೆ. ಅಕ್ಕ ಯಾವಾಗಲೂ ಆನೆ, ತಮ್ಮ ಯಾವಾಗಲೂ ಮಂಗ. ಆನೆ ನಿಧಾನ, ಜಿಗಿಯಲು ಬಾರದು. ಆದರೆ ಸೊಂಡಿಲು ಚಾಚಿ ಮಂಗನನ್ನು ಹಿಡಿದು ಹೊಳೆಯ ಆಚೆಗೆ ಎಸೆಯಬಲ್ಲದು. ಮಂಗ ಚುರುಕು, ಆದರೆ ಅದರ ಜಿಗಿತ ಹೊಳೆಯನ್ನು ದಾಟುವುದಿಲ್ಲ. ಆಚೆ ದಡಕ್ಕೆ ಬಿದ್ದ ಮಂಗ ಅಲ್ಲಿದ್ದ ಹಲಗೆಯನ್ನು ಕೆಡವಿ ಆನೆಗೆ ಸೇತುವೆ ಮಾಡಿಕೊಡಬೇಕು. ಒಂದು ಬಿಟ್ಟು ಇನ್ನೊಂದು ಒಂದು ಹೆಜ್ಜೆ ಮುಂದೆ ಹೋಗುವಂತಿಲ್ಲ. ಮಂಗ ಕಾಲು ಜಾರಿ ದಡಕ್ಕೆ ಜೋತುಬಿದ್ದರೆ ಆನೆಯ ಸೊಂಡಿಲೇ ಗತಿ. ಮಾವ ಉಂಡು ಮಲಗಿದ ಮಧ್ಯಾಹ್ನಗಳಲ್ಲಿ ಇಬ್ಬರೂ ಟಿವಿಯ ದನಿ ತಗ್ಗಿಸಿ ಆಡುತ್ತಿದ್ದರಂತೆ. ‘ಸೊಂಡಿ ಹಾಕ ಅಕ್ಕಾ, ಸೊಂಡಿ ಹಾಕ’ ಎಂದು ತಮ್ಮ ಪಿಸುಗುಡುವುದು, ‘ನಿಲ್ಲೋ ಮಂಗ್ಯಾ, ಬಂದೆ’ ಎಂದು ಅಕ್ಕ ಗದರುವುದು. ಈಗಲೂ ಫೋನಿನಲ್ಲಿ ಅವರು ತಮ್ಮನನ್ನು ಕರೆಯುವುದು ಮಂಗ್ಯಾ ಎಂದೇ.

ಗುರವ್ವಕ್ಕನಿಗೆ ಮಕ್ಕಳಿಲ್ಲ. ಗಂಡ ತೀರಿಕೊಂಡ ಮೇಲೂ ತವರಿಗೆ ಬಂದು ಕೂರದೆ ಮುನವಳ್ಳಿಯಲ್ಲೇ ರೊಟ್ಟಿ ಬಡಿಯುವ ಕೆಲಸ ಶುರು ಮಾಡಿದರು. ನವಿಲುತೀರ್ಥದ ಡ್ಯಾಮ್ ನೋಡಲು ಬಂದವರು ಉಣ್ಣುವ ಖಾನಾವಳಿಗಳಿಗೆಲ್ಲ ಅವರ ಮನೆಯ ಜೋಳದ ರೊಟ್ಟಿಯೇ ಹೋಗುತ್ತಿತ್ತು. ತೆಳ್ಳಗೆ, ದುಂಡಗೆ, ಅಂಚಿನಲ್ಲಿ ಒಂದು ಸೀಳಿಲ್ಲದ ರೊಟ್ಟಿ. ಕೈಗೆ ತಗೊಂಡರೆ ಉಣ್ಣುವ ಮೊದಲು ಒಮ್ಮೆ ನೋಡಬೇಕು ಅನ್ನಿಸುತ್ತಿತ್ತು.

ನನ್ನ ಮದುವೆಯಾದ ಹೊಸತು. ಈ ಮನೆಯಲ್ಲಿ ನನ್ನ ಮೊದಲ ರೊಟ್ಟಿ. ಹೊರಗೆ ಬೀಗರು ಕೂತಿದ್ದಾರೆ, ನಾನು ಬಡಿದದ್ದೆಲ್ಲ ಹರಿಯುತ್ತಿದೆ. ಅಕ್ಕ ಮೆಲ್ಲಗೆ ಬಂದು ಒಲೆಯ ಪಕ್ಕ ಕೂತು, ‘ನೀ ಬಡಿ, ನಾ ಬೇಸ್ತೇನಿ’ ಅಂದರು. ನನ್ನ ದಪ್ಪ ರೊಟ್ಟಿಯನ್ನು ಹಂಚಿನ ಮೇಲೆ ಅರಿವೆಯಿಂದ ಒತ್ತಿ ಒತ್ತಿ ಹೇಗೋ ಉಬ್ಬಿಸಿ, ಹರಿದದ್ದನ್ನು ತಳಕ್ಕೆ ಹಾಕಿ, ಚೆನ್ನಾಗಿದ್ದದ್ದನ್ನು ಮೇಲೆ ಜೋಡಿಸಿ ಕಳಿಸಿದರು. ನಮ್ಮ ಕಡೆ ರೊಟ್ಟಿ ಇಬ್ಬರ ಕೆಲಸ. ಒಬ್ಬಳು ಬಡಿಯಬೇಕು, ಒಬ್ಬಳು ಬೇಯಿಸಬೇಕು. ಅವತ್ತಿನಿಂದ ನನಗೆ ಅವರೆಂದರೆ ನಾದಿನಿಯಲ್ಲ, ಒಡಹುಟ್ಟಿದ ಅಕ್ಕ.

ಅಂಥವರಿಗೆ ಸಂಕ್ರಾಂತಿ ಕಳೆದ ಮೇಲೆ ಲಕ್ವಾ ಹೊಡೆದು ಎಡಮೈ ಬಿದ್ದುಹೋಯಿತು. ಜೀವ ಉಳಿಯಿತು, ಮಾತು ಉಳಿಯಿತು, ಕಾಲು ಎಳೆಯುತ್ತ ನಡೆಯುವಷ್ಟಾಯಿತು. ಎಡಗೈ ಮಾತ್ರ ತೊಡೆಯ ಮೇಲೆ ಇಟ್ಟಲ್ಲೇ ಇರತೊಡಗಿತು. ಧಾರವಾಡದ ಡಾಕ್ಟರು ನಮ್ಮನ್ನು ಹತ್ತಿರ ಕರೆದು, ‘ಕೈ ಸತ್ತಿಲ್ಲರಿ, ಮರತೈತಿ ಅಷ್ಟ. ಅದಕ್ಕ ಕೆಲಸ ಕೊಡ್ರಿ. ಈಗಿನ ಒಂದಿಷ್ಟು ತಿಂಗಳ ಭಾಳ ಮುಖ್ಯ. ಈಗ ಬಿಟ್ರಿ ಅಂದ್ರ ಆಮ್ಯಾಲ ನೀವು ಎಷ್ಟ ಕರದ್ರೂ ಅದು ಬರೂದಿಲ್ಲ’ ಎಂದು ಬಿಡಿಸಿ ಹೇಳಿದರು. ಹಿಸುಕಲು ಒಂದು ರಬ್ಬರ್ ಚೆಂಡನ್ನೂ ಕೊಟ್ಟರು. ನಾವು ಅಕ್ಕನನ್ನು ಸವದತ್ತಿಗೆ ಕರೆತಂದೆವು.

ಇಲ್ಲಿ ನಮ್ಮ ಮನೆತನದ ದೊಡ್ಡಸ್ತಿಕೆ ಅಡ್ಡ ಬಂತು. ತವರಿಗೆ ಬಂದ ಹೆಣ್ಣುಮಗಳ ಕೈಗೆ ಕಸಬರಿಗೆ ಕೊಡಬಾರದು, ಅವಳ ತಾಟು ಅವಳೇ ತೊಳೆಯಬಾರದು. ಬಂದವಳು ಉಂಡು, ಮಲಗಿ, ಉಡಿ ತುಂಬಿಸಿಕೊಂಡು ಹೋಗಬೇಕು. ಅದರಲ್ಲೂ ಕಾಯಿಲೆಯಾಗಿ ಬಂದವಳು! ಅಕ್ಕ ನೀರಿನ ತಂಬಿಗೆಗೆ ಕೈ ಚಾಚಿದರೆ ನಮ್ಮವರು ಓಡಿ ಬಂದು ಎತ್ತಿ ಕೊಡುತ್ತಿದ್ದರು. ಅಕ್ಕ ತಲೆ ಬಾಚಲು ಹೋದರೆ ನಾನು ಹಣಿಗೆ ಕಸಿದುಕೊಂಡು ಬಾಚುತ್ತಿದ್ದೆ. ರೊಟ್ಟಿಯನ್ನೂ ಮುರಿದು ತುತ್ತು ಮಾಡಿ ತಾಟಿಗೆ ಹಾಕುತ್ತಿದ್ದೆವು. ಡಾಕ್ಟರು ಕೆಲಸ ಕೊಡಿ ಅಂದಿದ್ದನ್ನು ನಾವು ಚೆಂಡು ಹಿಸುಕುವುದು ಎಂದಷ್ಟೇ ತಿಳಿದೆವು. ಅಕ್ಕ ಕಿಟಕಿಯ ಹತ್ತಿರ ಕೂತು ಆ ಚೆಂಡನ್ನು ಹಿಡಿದು ಹೊರಗೆ ನೋಡುತ್ತಿರುತ್ತಿದ್ದರು. ಚೆಂಡಿನ ಮೇಲೆ ಬೆರಳಿರುತ್ತಿತ್ತು. ಹಿಸುಕುತ್ತಿದ್ದದ್ದನ್ನು ನಾನು ನೋಡಿದ್ದು ಕಡಿಮೆ.

ಹೀಗಿರುವಾಗ ಒಂದು ದಿನ ನಮ್ಮವರು ಅಂಗಡಿಯಿಂದ ಓಡುತ್ತಲೇ ಬಂದರು. ಕೈಯಲ್ಲೊಂದು ಪಾರ್ಸಲ್ ಇತ್ತು.

‘ಅಕ್ಕಾ! ಆನಿ-ಮಂಗ್ಯಾನ ಆಟ ಹೊಸಾದಾಗಿ ಮಾಡ್ಯಾರ! ಅದ ಆಟ, ಅದ ಹೊಳಿ, ಎಲ್ಲಾ ಅದ. ಚಿತ್ರ ಮಾತ್ರ ಹೊಸಾವು. ಮಂಗ್ಯಾನ ಮೈಮ್ಯಾಲಿನ ಕೂದಲಾ ಒಂದೊಂದು ಕಾಣತಾವು ನೋಡ.’

ಅಕ್ಕನ ಮುಖದಲ್ಲಿ ಬಹಳ ದಿನಗಳ ಮೇಲೆ ಒಂದು ನಗು ಬಂತು. ಅದನ್ನು ನೋಡಿ ನನ್ನ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ.

ರವಿವಾರ ಮಧ್ಯಾಹ್ನ ಟಿವಿಗೆ ಎಲ್ಲ ಜೋಡಿಸಿದರು. ಎರಡು ರಿಮೋಟು. ಅಕ್ಕನ ತೊಡೆಯ ಮೇಲೆ ದಿಂಬಿಟ್ಟು ಅದರ ಮೇಲೆ ಅವರ ರಿಮೋಟು ಇಟ್ಟರು. ಆನೆಯನ್ನು ನಡೆಸುವ ಗುಂಡಿಯನ್ನು ಬಲಗೈಗೆ ಸಿಗುವಂತೆ ಬದಲಿಸಿಕೊಟ್ಟರು. ಸೊಂಡಿಲಿನ ಗುಂಡಿ ಮಾತ್ರ ಎಡಬದಿಯ ತುದಿಯಲ್ಲೇ ಉಳಿಯಿತು. ಅದನ್ನು ಬದಲಿಸಲು ಬರುತ್ತಿರಲಿಲ್ಲ. ‘ಇರಲಿ ಬಿಡ’ ಎಂದ ಅಕ್ಕ ಬಲಗೈಯಿಂದ ತಮ್ಮ ಎಡಗೈಯನ್ನು ಎತ್ತಿ ರಿಮೋಟಿನ ಮೇಲಿಟ್ಟುಕೊಂಡರು. ತೋರುಬೆರಳನ್ನು ಎಳೆದು ಗುಂಡಿಯ ಮೇಲೆ ಇಟ್ಟರು.

ಹಾಡು ಶುರುವಾಯಿತು. ಅದೇ ಹಳೆಯ ಹಾಡಂತೆ. ಇಬ್ಬರೂ ಒಟ್ಟಿಗೆ ತಲೆ ತೂಗಿದರು. ಆನೆ ಬಂತು, ಮಂಗ ಬಂತು, ಕಾಡು ಬಂತು, ಹೊಳೆಯೂ ಬಂತು.

‘ನಿಲ್ಲೋ ಮಂಗ್ಯಾ, ಸೊಂಡಿ ಹಾಕತೇನಿ’ ಅಂದರು ಅಕ್ಕ. ಬೆರಳು ಗುಂಡಿಯ ಮೇಲೆ ನಡುಗುತ್ತಿತ್ತು, ಒತ್ತಲು ಬಲ ಸೇರಿಸುತ್ತಿತ್ತು.

ಅಷ್ಟರಲ್ಲಿ ಮಂಗ ಒಮ್ಮೆ ಜಿಗಿದು, ಗಾಳಿಯಲ್ಲೇ ಇನ್ನೊಮ್ಮೆ ಜಿಗಿದು, ಸರ್ರನೆ ಮುಂದಕ್ಕೆ ನುಗ್ಗಿ ಹೊಳೆಯ ಆಚೆ ನಿಂತಿತ್ತು.

‘ಅರೇ! ಇದು ಎರಡ ಸಲ ಜಿಗಿತೈತಿ! ಹಾರತೈತಿ ಅಕ್ಕಾ, ನೋಡಿಲ್ಲೆ!’ ನಮ್ಮವರಿಗೆ ಖುಷಿಯೋ ಖುಷಿ. ಮಂಗ ಹಾಗೇ ಓಡಿತು. ಪರದೆಯ ಹಿಂದೆ ಉಳಿದ ಆನೆಯ ಸುತ್ತ ಎಲ್ಲಿಂದಲೋ ಒಂದು ದೊಡ್ಡ ನೀರಿನ ಗುಳ್ಳೆ ಬಂದು, ಆನೆಯನ್ನು ಒಳಗೆ ಹಾಕಿಕೊಂಡು, ತೇಲಿಸುತ್ತ ಮಂಗನ ಬೆನ್ನಿಗೆ ತಂದು ಬಿಟ್ಟಿತು. ಅದೂ ಹೊಸತಂತೆ. ಹಿಂದೆ ಬಿದ್ದವರಿಗೆ ತೊಂದರೆಯಾಗಬಾರದು ಎಂದು ಮಾಡಿದ ಅನುಕೂಲವಂತೆ.

ಮುಂದೆ ಕಡಜಗಳ ಗುಂಪು ಬಂತು. ಹಳೆಯ ಆಟದಲ್ಲಿ ಆನೆ ಸೊಂಡಿಲಿನಿಂದ ನೀರು ಚಿಮುಕಿಸಿ ಅವನ್ನು ಓಡಿಸುತ್ತಿತ್ತು. ಈಗ ಮಂಗ ಅವುಗಳ ನಡುವೆಯೇ ನುಗ್ಗಿ ಹೋಯಿತು, ಒಂದೂ ಕಚ್ಚಲಿಲ್ಲ. ಗೋಡೆ ಬಂತು, ಮಂಗ ಗೋಡೆಯನ್ನೇ ಹತ್ತಿತು. ಪ್ರತಿ ಸಲವೂ ಗುಳ್ಳೆ ಬಂದು ಆನೆಯನ್ನು ಹೊತ್ತು ತಂದಿತು. ಅಕ್ಕ ಗುಂಡಿ ಒತ್ತುವುದರೊಳಗೆ ಒತ್ತುವ ಕೆಲಸವೇ ಮುಗಿದಿರುತ್ತಿತ್ತು.

ಸ್ವಲ್ಪ ಹೊತ್ತಿಗೆ ಅಕ್ಕ ಬಲಗೈಯಿಂದ ಎಡಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ‘ಕೈ ಸೋಲಾಕತ್ತೈತಿ, ನೀ ಆಡ. ನಾ ಗುಳ್ಳ್ಯಾಗ ಕುಂತ ಬರತೇನಿ’ ಅಂದರು. ನಮ್ಮವರು ನಕ್ಕರು, ಅದು ಚೇಷ್ಟೆಯ ಮಾತು ಅಂದುಕೊಂಡು. ನಾನು ಅಕ್ಕನ ಮುಖ ನೋಡುತ್ತಿದ್ದೆ. ಅದು ಚೇಷ್ಟೆಯಾಗಿರಲಿಲ್ಲ.

ಮರುದಿನದಿಂದ ಅವರು ಚೆಂಡನ್ನೂ ಮುಟ್ಟಲಿಲ್ಲ. ಕಿಟಕಿಯಲ್ಲಿ ಅದು ಒಂದು ಕಡೆ, ಅವರು ಒಂದು ಕಡೆ.

ನಮ್ಮವರಿಗೆ ಹೊಳೆದದ್ದು ತಡವಾಗಿ. ಎಷ್ಟೆಂದರೂ ರಿಪೇರಿ ಮಾಡುವವರು, ಒಮ್ಮೆ ಹೊಳೆದರೆ ಬುಡದತನಕ ಹೋಗುತ್ತಾರೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು, ‘ತಪ್ಪು ಎಲ್ಲಿ ಆಗೇತಿ ಗೊತ್ತೇನ ಶೈಲಜಾ? ಮಂಗ್ಯಾಗ ಹೊಸಾ ಕಾಲ ಕೊಟ್ಟಾರ, ಹೊಳಿ ಮಾತ್ರ ಹಳೇದ ಇಟ್ಟಾರ. ಮೊದಲ ಆಟಾ ಮಾಡಿದಾಂವ ಮಂಗ್ಯಾನ ಜಿಗತ ಅಳದು, ಅದಕಿಂತ ಒಂದ ಗೇಣು ಅಗಲ ಹೊಳಿ ಮಾಡಿದ್ದ. ಆ ಗೇಣಿನಾಗ ಆನಿ ಬದಕಿತ್ತು. ಇವ್ರು ಜಿಗತ ಬೆಳಸಿದ್ರು, ಹೊಳಿ ಬೆಳಸಲಿಲ್ಲ. ಕಡಜಾನೂ ಅಷ್ಟ, ಗ್ವಾಡಿನೂ ಅಷ್ಟ. ಒಂದ ಕಡೆ ಸುಧಾರಣಿ ಮಾಡಿದ್ರು, ಇಡೀ ಆಟದ ತೂಕಾನ ತಪ್ಪಿತು.’

‘ಗಣಪತಿ ಮಾಡಾಕ ಹೋಗಿ ಅವರಪ್ಪನ್ನ ಮಾಡಿದ್ರಂತ’ ಅಂದೆ ನಾನು.

‘ಹೂಂ. ಅದಕ್ಕ ನಾ ಒಂದ ಉಪಾಯ ಮಾಡೇನಿ.’

ಉಪಾಯ ಏನೆಂದರೆ, ಅವರು ತಮ್ಮ ರಿಮೋಟನ್ನು ಬಿಚ್ಚಿ, ಮುಂದೆ ನುಗ್ಗುವ ಗುಂಡಿಯ ಕೆಳಗಿನ ರಬ್ಬರನ್ನೇ ಕಿತ್ತು ಹಾಕಿದ್ದರು. ಎರಡನೇ ಜಿಗಿತವನ್ನು ತಾವಾಗಿ ಜಿಗಿಯದೆ ಇರುವುದು ಎಂದು ನಿರ್ಧರಿಸಿದ್ದರು. ಕೇಳಲು ಚೆನ್ನಾಗಿತ್ತು. ಸಂಜೆ ಅಕ್ಕನನ್ನು ಒತ್ತಾಯ ಮಾಡಿ ಕೂರಿಸಿದರು. ಹೊಳೆ ಬಂತು. ಮಂಗ ದಡದಲ್ಲಿ ನಿಂತಿತು. ‘ಸೊಂಡಿ ಹಾಕ ಅಕ್ಕಾ’ ಅಂದರು ನಮ್ಮವರು. ಆ ದನಿಯಲ್ಲಿ ಬೆಣ್ಣೆ ಜಾಸ್ತಿಯಾಗಿತ್ತು. ಅಕ್ಕ ಒಮ್ಮೆ ಸೊಂಡಿಲು ಹಾಕಿದರು, ಎರಡನೆಯ ಹೊಳೆಯಲ್ಲೂ ಹಾಕಿದರು. ಮುಂದೆ ಒಂದು ಸಣ್ಣ ತಗ್ಗು, ಕೋಳಿಮರಿ ದಾಟುವಂಥದ್ದು. ಅಲ್ಲಿ ಮಂಗ ಬೇಕೆಂದೇ ಬಿದ್ದು ಜೋತಾಡಿತು.

ಅಕ್ಕ ರಿಮೋಟನ್ನು ದಿಂಬಿನ ಮೇಲಿಟ್ಟರು.

‘ಬೇಕಂತ ಬಿದ್ದಿ.’

‘ಇಲ್ಲಕ್ಕಾ, ಕಾಲ ಜಾರತು.’

‘ನಿನ್ನ ಮಂಗ್ಯಾನ ನೀ ಚಡ್ಡಿ ಹಾಕ್ಕೊಂಡಾಗಿಂದ ನಾ ನೋಡೇನಿ. ಅದು ಇಲ್ಲೆ ಬೀಳೂದಿಲ್ಲ. ಸೋತಂಗ ಮಾಡಿ ಗೆಲ್ಲಸೂದು ಸಣ್ಣ ಹುಡುಗರ ಸಲುವಾಗಿ ಶ್ರೀಶೈಲ. ನಾ ಏನ ಸಣ್ಣಾಕಿ?’ ದನಿ ಏರಲಿಲ್ಲ. ಮಂಗ್ಯಾ ಎನ್ನದೆ ಹೆಸರು ಹಿಡಿದು ಕರೆದರು, ಅದೇ ಸಾಕಾಯಿತು. ‘ನನಗ ಮುನವಳ್ಳಿಗೆ ಬಿಟ್ಟ ಬಾ. ಮಗ್ಗಲಮನಿಯಾಕಿ ಎರಡ ಹೊತ್ತು ಗಂಜಿ ಕೊಡತೇನಂದಾಳ. ಅಲ್ಲೆ ಕುಂತರೂ ಅಷ್ಟ, ಇಲ್ಲೆ ಕುಂತರೂ ಅಷ್ಟ.’

ನಮ್ಮವರು ಅಲ್ಲಿಂದ ಎದ್ದು ಹಿತ್ತಲಿಗೆ ಹೋದರು. ಎಷ್ಟೋ ಹೊತ್ತು ಒಳಗೆ ಬರಲಿಲ್ಲ. ಮುನವಳ್ಳಿಗೆ ಹೋದರೆ ಆ ಕೈ ಮತ್ತೆ ಬರುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು. ವಾರ ಕಳೆಯುವುದರೊಳಗೆ ಬಿಟ್ಟು ಬರುವುದೆಂದು ಮಾತಾಯಿತು. ಅಕ್ಕ ಒಂದೇ ಕೈಯಲ್ಲಿ ತಮ್ಮ ಸೀರೆಗಳನ್ನು ಚೀಲಕ್ಕೆ ತುರುಕುವುದನ್ನು ನೋಡಿ ನಾನು ಹೋಗಿ ಮಡಿಚಿ ಕೊಟ್ಟೆ. ಅದನ್ನೂ ನಾನೇ ಮಾಡಿಕೊಟ್ಟೆ, ನೋಡಿ.

ಮರುದಿನ ನಮ್ಮವರು ಅಂಗಡಿಗೆ ಹೋದರು. ಹೋಗುವ ಮೊದಲು ರಿಮೋಟಿಗೆ ರಬ್ಬರನ್ನು ಮತ್ತೆ ಕೂರಿಸಿ, ಆಟವನ್ನು ಯಾರಿಗಾದರೂ ಕೊಟ್ಟುಬಿಡುವುದೆಂದು ಟಿವಿಯ ಪಕ್ಕ ಇಟ್ಟಿದ್ದರು. ನಾನು ಹಿಟ್ಟು ಜರಡಿ ಹಿಡಿದು, ಒಲೆಯ ಮೇಲೆ ಹಾಲಿಟ್ಟು ಪಡಸಾಲೆಗೆ ಬಂದೆ. ಅಕ್ಕ ಕಿಟಕಿಯಲ್ಲಿ ಕೂತಿದ್ದರು. ಟಿವಿಯ ಪಕ್ಕ ಆ ರಿಮೋಟು ಕಂಡಿತು. ನನಗೆ ಎಲ್ಲಿತ್ತೋ ಸಿಟ್ಟು.

‘ಅಂಥಾದ್ದೇನ ಐತಿ ಇದರಾಗ, ನಾನೂ ನೋಡೇ ಬಿಡತೇನಿ’ ಎಂದು ಟಿವಿ ಹಚ್ಚಿ ಕೂತೆ.

ಮಂಗ ಬಂತು. ಒಂದು ಗುಂಡಿ ಒತ್ತಿದೆ, ಹೊಳೆಗೆ ಬಿತ್ತು. ಮತ್ತೆ ಬಂತು. ಇನ್ನೊಂದು ಒತ್ತಿದೆ. ಸರ್ರನೆ ನುಗ್ಗಿ ಹೊಳೆ ದಾಟಿ, ಆಚೆ ದಡವನ್ನೂ ದಾಟಿ, ಅದರಾಚೆಯ ಕಂದಕಕ್ಕೆ ಬಿತ್ತು. ಮಂಗನಿಗೆ ಕೊಟ್ಟ ಹೊಸ ಕಾಲು ನಮ್ಮವರ ಕೈಯಲ್ಲಿ ವರವಾಗಿತ್ತು, ನನ್ನ ಕೈಯಲ್ಲಿ ಶಾಪವಾಯಿತು. ನಿಲ್ಲು ಅಂದರೆ ಓಡುತ್ತದೆ, ಓಡು ಅಂದರೆ ಹಾರುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ನಾನು ಆ ಆಟ ಮಾಡಿದವರ ಏಳು ತಲೆಮಾರನ್ನು ಬೈದೆ.

‘ಎರಡ ಸಲ ಒತ್ತಬ್ಯಾಡ’ ಎಂದು ಕಿಟಕಿಯಿಂದ ದನಿ ಬಂತು.

‘ನಾ ಎಲ್ಲಿ ಎರಡ ಸಲ ಒತ್ತೇನ್ರಿ! ಇದರ ಮೈಯಾಗ ದೆವ್ವ ಹೊಕ್ಕೈತಿ!’

‘ಒತ್ತಿದಿ. ನಾ ನೋಡಿದ್ನಲ್ಲ. ಅವಸರಾ ಮಾಡಬ್ಯಾಡ. ಅಯ್ಯ, ಬಿತ್ತು.’

ಬಿದ್ದಿತ್ತು. ಆದರೆ ಈ ಸಲ ಪೂರ್ತಿ ಬೀಳದೆ, ದಡದ ಬೇರು ಹಿಡಿದು ಜೋತಾಡುತ್ತಿತ್ತು. ಮಂಗನ ಬೆರಳು ಒಂದೊಂದೇ ಸಡಿಲವಾಗುತ್ತಿದ್ದವು. ಹಿಂದೆ ಆನೆ ಯಾರೂ ಆಡಿಸದೆ ಸುಮ್ಮನೆ ನಿಂತಿತ್ತು. ನಾನು ನಿಜವಾಗಿಯೂ ಗಾಬರಿಯಾದೆ. ನಗಬೇಡಿ, ಆ ಹೊತ್ತಿಗೆ ಅದು ಆಟ ಅನ್ನಿಸುವುದಿಲ್ಲ.

‘ಅಕ್ಕಾರ, ಸೊಂಡಿ! ಸೊಂಡಿ ಹಾಕ್ರಿ! ಹೋತು, ಹೋತು!’

ಅಕ್ಕ ಎದ್ದು ಕಾಲೆಳೆಯುತ್ತ ಬರುವುದರೊಳಗೆ ಮಂಗ ಬಿದ್ದೇ ಹೋಯಿತು. ಆದರೂ ಬಂದು ನನ್ನ ಪಕ್ಕ ಕೂತರು. ದಿಂಬು ಎಳೆದುಕೊಂಡರು. ‘ಈ ಸಲ ಸಾವಕಾಶ ನಡಿ. ನನ್ನ ಬಿಟ್ಟ ಮುಂದ ಹೋಗಬ್ಯಾಡ’ ಅಂದರು.

ಬಿಟ್ಟು ಹೋಗಬಾರದು ಎಂದು ನನಗೂ ಇತ್ತು. ಮಂಗ ಕೇಳಬೇಕಲ್ಲ. ಹೊಳೆಯ ಹತ್ತಿರ ಬಂದದ್ದೇ ಮತ್ತೆ ನುಗ್ಗಿತು, ಮತ್ತೆ ಬೇರಿಗೆ ಜೋತುಬಿತ್ತು. ಅಕ್ಕನ ಬೆರಳು ಗುಂಡಿಯ ಮೇಲಿತ್ತು. ಒತ್ತಿದರು, ಒತ್ತಿದ್ದು ಸಾಲಲಿಲ್ಲ. ಹಲ್ಲು ಕಚ್ಚಿದರು. ಆನೆ ಸೊಂಡಿಲು ಚಾಚಿತು, ಮಂಗನ ಸೊಂಟ ಹಿಡಿಯಿತು. ಗುಂಡಿಯನ್ನು ಒತ್ತಿ ಹಿಡಿದರೆ ಮಾತ್ರ ಮೇಲೆ ಬರುತ್ತದೆ. ‘ಬಿಡಬ್ಯಾಡ್ರಿ ಅಕ್ಕಾರ!’ ಎಂದು ನಾನು ಕೂಗಿದೆ. ಅವರು ಬಿಡಲಿಲ್ಲ. ಕುತ್ತಿಗೆಯ ನರ ಉಬ್ಬಿತ್ತು. ಮಂಗ ಮೇಲೆ ಬಂತು.

ನಾವಿಬ್ಬರೂ ಉಸಿರು ಬಿಟ್ಟೆವು. ಮುಂದಿನ ಹೆಜ್ಜೆಯಲ್ಲೇ ನಾನು ಮತ್ತೆ ಬಿದ್ದೆ.

‘ಏ ಹುಚ್ಚಿ! ಈಗರ ಎಬ್ಬಿಸೇನಿ!’

ಹೀಗೆಯೇ ನಡೆಯಿತು. ನಾನು ಬೀಳುವುದು, ಅವರು ಬೈಯುತ್ತ ಎತ್ತುವುದು. ಗುಳ್ಳೆ ಬರಲೇ ಇಲ್ಲ. ಅದು ಬರುವುದು ಮಂಗ ಮುಂದೆ ಹೋದರೆ ತಾನೇ? ನಾನು ಆನೆಯನ್ನು ದಾಟಿ ಎರಡು ಹೆಜ್ಜೆ ನೆಟ್ಟಗೆ ಹೋದದ್ದಿಲ್ಲ. ಮೊದಮೊದಲು ಅಕ್ಕ ಬಲಗೈಯಿಂದ ಬೆರಳನ್ನು ಎಳೆದು ಗುಂಡಿಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಯಾವಾಗಲೋ ಅದನ್ನು ಮರೆತರು. ಬೆರಳು ತಾನಾಗಿ ಹೋಗುತ್ತಿತ್ತು, ತಡವಾಗಿ, ಓರೆಯಾಗಿ, ಆದರೂ ತಾನಾಗಿ. ನಾನು ಅದನ್ನು ಕಂಡೂ ಬಾಯಿಬಿಡಲಿಲ್ಲ. ಹೇಳಿದರೆ ನಿಂತುಬಿಟ್ಟೀತು ಎಂಬ ಭಯ.

ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ಹಾಲು ಉಕ್ಕಿ, ಒಲೆಯೆಲ್ಲ ಹರಿದು, ಪಾತ್ರೆಯ ತಳ ಕರಿಯಾಗಿತ್ತು. ಒಲೆ ಒರೆಸಿ ಹಂಚಿಟ್ಟೆ. ಊಟದ ಹೊತ್ತಾಗುತ್ತ ಬಂದಿತ್ತು. ಕೈ ಹಿಟ್ಟಿನಲ್ಲಿತ್ತು, ಮನಸ್ಸು ಆ ಬೆರಳಿನಲ್ಲಿತ್ತು. ಹಾಗೇ ನಾದುತ್ತಿದ್ದಾಗ ನನಗೆ ಎಲ್ಲ ಸ್ಪಷ್ಟವಾಯಿತು. ಆಟದವರು ಮಂಗನಿಗೆ ಮಾಡಿದ್ದನ್ನೇ ನಾವು ಮನೆಯಲ್ಲಿ ಮಾಡಿದ್ದೆವು. ನಾವೇ ಜಿಗಿದೆವು, ನಾವೇ ಹಾರಿದೆವು, ಅಕ್ಕನ ಪಾಲಿನ ಒಂದು ಗೇಣು ಹೊಳೆಯನ್ನೂ ಬಿಡಲಿಲ್ಲ. ಪ್ರೀತಿಯಿಂದಲೇ ಅವರನ್ನು ಗುಳ್ಳೆಯಲ್ಲಿ ಕೂರಿಸಿ ಹಿಂದೆ ತೇಲಿಸಿಕೊಂಡು ಬಂದೆವು. ನನಗೆ ನನ್ನ ಮೇಲೇ ಸಿಟ್ಟು ಬಂತು, ಹಾಗೇ ಅಳುವೂ ಬಂತು.

ಅಕ್ಕ ಬಾಗಿಲಿಗೆ ಬಂದು ನಿಂತಿದ್ದರು. ‘ಹಾಲ ಹೋತೇನ?’ ಅಂದರು.

‘ಹಾಲ ಹೋತ್ರಿ. ಇನ್ನ ರೊಟ್ಟಿನೂ ಹೋಗತಾವು. ಹೊತ್ತಾಗೇತಿ, ನಾ ಒಬ್ಬಾಕಿ ಬಡೀಲೋ ಬೇಸಲೋ? ಬರ್ರಿ, ಕುಂತ್ಕೊರ್ರಿ. ನಾ ಬಡೀತೇನಿ, ನೀವು ಬೇಸ್ರಿ.’

ಅಕ್ಕ ನನ್ನನ್ನೇ ನೋಡಿದರು. ನಾನು ನಮ್ಮವರ ಹಾಗೆ ದನಿಗೆ ಬೆಣ್ಣೆ ಹಚ್ಚಲಿಲ್ಲ, ತಲೆಯನ್ನೂ ಎತ್ತಲಿಲ್ಲ, ಹಿಟ್ಟು ನಾದುತ್ತಲೇ ಇದ್ದೆ. ನಿಜಕ್ಕೂ ಹೊತ್ತಾಗಿತ್ತು. ಅವರು ಗೋಡೆ ಹಿಡಿದು ಬಂದು ಒಲೆಯ ಮುಂದಿನ ಮಣೆಯ ಮೇಲೆ ಕೂತರು. ನಾನು ಬಡಿದ ರೊಟ್ಟಿ ಹಂಚಿಗೆ ಹಾಕಿದೆ. ಅವರು ಬಲಗೈಯಲ್ಲಿ ನೀರಿನ ಅರಿವೆ ಆಡಿಸಿದರು, ತಿರುವಿದರು, ಒತ್ತಿ ಉಬ್ಬಿಸಿದರು. ನಾಲ್ಕಾರು ರೊಟ್ಟಿಯಾದ ಮೇಲೆ ಅವರೇ ಕೇಳಿದರು.

‘ಒಂದ ಉಂಡಿ ಇತ್ತ ಕೊಡ.’

ಕೊಟ್ಟೆ. ರೊಟ್ಟಿ ಬಲಗೈಯೊಂದರ ಕೆಲಸವಲ್ಲ. ಬಲಗೈ ಬಡಿಯುತ್ತ ಹೋದಂತೆ ಎಡಗೈ ಅದನ್ನು ತಿರುಗಿಸುತ್ತ ಹೋಗಬೇಕು. ಇಲ್ಲವಾದರೆ ಒಂದೇ ಕಡೆ ತೆಳ್ಳಗಾಗಿ ಹರಿಯುತ್ತದೆ. ಅಕ್ಕ ಬಡಿದರು. ಎಡಗೈಯ ಬೆರಳು ಹಿಟ್ಟಿನ ಅಂಚಿಗೆ ತಾಗಿ ನಿಂತವು. ಮತ್ತೆ ಬಡಿದರು. ಬೆರಳು ಅಂಚನ್ನು ಸ್ವಲ್ಪವೇ ಸ್ವಲ್ಪ ದೂಡಿದವು. ಬಡಿಯುವ ಸಪ್ಪಳ ಕುಂಟುತ್ತ ಕುಂಟುತ್ತ ನಡೆಯಿತು. ಕೊನೆಗೆ ಆದ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರಿದು, ನಕಾಶೆಯಲ್ಲಿನ ನಮ್ಮ ತಾಲೂಕಿನ ಹಾಗಿತ್ತು. ಅಕ್ಕ ಅದನ್ನು ನೋಡಿ ನಕ್ಕರು. ‘ನಿನ್ನ ಮೊದಲನೇ ರೊಟ್ಟಿಕಿಂತ ಛಲೋ ಐತಿ’ ಅಂದರು. ಆ ಮಾತು ನಿಜ.

ಆಗಲೇ ನಮ್ಮವರು ಊಟಕ್ಕೆ ಬಂದರು. ಒಲೆಯ ಮುಂದೆ ಅಕ್ಕನನ್ನು ಕಂಡದ್ದೇ ಮುಖ ಕೆಂಪಾಯಿತು.

‘ಶೈಲಜಾ! ಅಕ್ಕನ ಕೈಲೆ ರೊಟ್ಟಿ ಮಾಡಸಾಕತ್ತೀಯೇನ? ಯಾರರ ನೋಡಿದ್ರ ಏನಂದಾರು? ಅಕ್ಕಾ, ಏಳ ನೀ, ಏಳ ಮ್ಯಾಲ!’

‘ನೀ ಕುಂದರ ಮೊದಲ’ ಅಂದರು ಅಕ್ಕ. ‘ಊಟಾ ಮಾಡ. ಮುನವಳ್ಳಿಗೆ ಈಗ ನಾ ಬರೂದಿಲ್ಲ. ನಿನ್ನ ಹೆಂಡತಿಗೆ ಆಟಾ ಕಲಸೂದೈತಿ. ಆ ಹುಡುಗಿ ಬರೇ ಬೀಳತೈತಿ.’

ನಮ್ಮವರು ಗೊಂದಲದಲ್ಲಿ ನನ್ನ ಮುಖ ನೋಡಿದರು. ನಾನು ಹಾಲಿನ ಪಾತ್ರೆಯ ಕರಿ ತಳವನ್ನು ತೋರಿಸಿದೆ. ಬೆಳಿಗ್ಗೆ ನಡೆದದ್ದೆಲ್ಲ ಅಕ್ಕನೇ ನಗುತ್ತ ಹೇಳಿದರು. ಕೇಳುತ್ತ ಕೇಳುತ್ತ ನಮ್ಮವರ ಕಣ್ಣು ಹಿಟ್ಟು ಮೆತ್ತಿದ ಆ ಎಡಗೈಯ ಮೇಲೆ ಹೋಗಿ ನಿಂತಿತು. ಅಂಗಡಿಯಲ್ಲಿ ಸತ್ತ ಮೊಬೈಲಿನ ದೀಪ ಹತ್ತಿದಾಗ ಅವರು ಹೀಗೇ ನೋಡುತ್ತಾರೆ.

‘ಸಂಜಿಗೆ ನಾನೂ ಆಡತೇನಕ್ಕಾ’ ಅಂದರು, ಸಣ್ಣ ದನಿಯಲ್ಲಿ. ‘ನಾ ಮಂಗ್ಯಾ, ನೀ ಆನಿ. ಮೊದಲಿನಂಗ.’

‘ನೀ ಬ್ಯಾಡೋ’ ಅಂದರು ಅಕ್ಕ. ಎಷ್ಟು ಮೆತ್ತಗೆ ಅಂದರೆ, ಬೇಡ ಎಂದದ್ದೇ ಗೊತ್ತಾಗದ ಹಾಗೆ. ‘ನೀ ಬೀಳೂದಿಲ್ಲ.’

ನಮ್ಮವರು ತಾಟಿನ ಮುಂದೆ ಕೂತರು. ಶೇಂಗಾ ಹಿಂಡಿ ಹಾಕಿದೆ, ಮೊಸರು ಹಾಕಿದೆ, ಬದನೆಕಾಯಿ ಪಲ್ಯ ಹಾಕಿದೆ. ಎಲ್ಲಕ್ಕೂ ಮೇಲೆ ಜೋಡಿಸಿದ್ದ ನನ್ನ ದುಂಡನೆ ರೊಟ್ಟಿಗಳನ್ನು ಬದಿಗೆ ಸರಿಸಿ ಆ ಹರಕು ರೊಟ್ಟಿಯನ್ನೇ ತೆಗೆದುಕೊಂಡು ತಿಂದರು. ತಲೆ ಎತ್ತಲಿಲ್ಲ. ತಾಟಿಗೆ ಒಂದು ಹನಿ ಬಿದ್ದದ್ದನ್ನು ನಾನು ನೋಡಿದೆ, ಅಕ್ಕನೂ ನೋಡಿದರು.

ತಿಂದು ಮುಗಿಸಿ ತಾಟನ್ನು ಒಲೆಯ ಕಡೆ ಚಾಚಿದರು. ‘ಇನ್ನೊಂದು ಹಾಕ ಅಕ್ಕಾ.’

ನಾನು ಹಾಕಲು ಹೋದೆ. ನಮ್ಮವರು ಕಣ್ಣಿನಿಂದಲೇ ನನ್ನನ್ನು ತಡೆದರು. ಅಕ್ಕ ಬಲಗೈಯಿಂದ ರೊಟ್ಟಿ ಎತ್ತಿದರು.

‘ಆ ಕೈಲೆ ಬ್ಯಾಡ. ಈ ಕೈಲೆ ಹಾಕ.’

‘ಹುಚ್ಚ ಹಿಡದೈತೇನೋ? ಉಣ್ಣಾವರಿಗೆ ಎಡಗೈಲೆ ಬಡಸ್ತಾರೇನ?’

‘ನನಗ ಬಡಸ’ ಅಂದರು ನಮ್ಮವರು. ಬಡಿಸುವವರ ಎಡಗೈ ಉಪ್ಪಿನ ಬಟ್ಟಲಿಗೆ ತಾಗಿದರೂ ಎದ್ದುಬಿಡುತ್ತಿದ್ದ ಕಾಡಪ್ಪನವರ ಮಗ. ‘ನಾ ತಾಟ ಹಿಡದೇನಿ. ನೀ ಸಾವಕಾಶ ಹಾಕ.’

ಅಕ್ಕ ರೊಟ್ಟಿಯನ್ನು ಎಡಗೈಗೆ ಬದಲಿಸಿಕೊಂಡರು. ಕೈ ಎದ್ದಿತು, ನಡುಗಿತು, ನಡುದಾರಿಯಲ್ಲಿ ನಿಂತಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ. ನಾನು ನನ್ನ ಎರಡೂ ಕೈಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೂತಿದ್ದೆ. ನಮ್ಮವರು ತಾಟನ್ನು ಮುಂದಕ್ಕೂ ತರಲಿಲ್ಲ, ಹಿಂದಕ್ಕೂ ಒಯ್ಯಲಿಲ್ಲ.

‘ನಿಲ್ಲೋ ಮಂಗ್ಯಾ, ಬಂದೆ’ ಅಂದರು ಅಕ್ಕ.

ರೊಟ್ಟಿ ಬಿತ್ತು. ಅರ್ಧ ತಾಟಿನಲ್ಲಿ, ಅರ್ಧ ನೆಲದ ಮೇಲೆ. ನಮ್ಮವರು ಎರಡನ್ನೂ ಕೂಡಿಸಿಕೊಂಡು ಉಂಡರು.